ಐದು ವ್ಯಾಟಿನ ಶಪಥ

ಒಂದಾನೊಂದು ಮೂರನೇ ಮಹಡಿಯಲ್ಲಿ, ಎಡಗಡೆಯ ಬಾಗಿಲಿನ ಹಿಂದೆ, ಒಬ್ಬ ರಾಜನಿದ್ದ. ಅವನ ರಾಜ್ಯವೆಂದರೆ ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ತಲೆಯ ಮೇಲೆ ಕಿರೀಟವಿರಲಿಲ್ಲ, ಮೂಗಿನ ಮೇಲೆ ಕನ್ನಡಕವಿತ್ತು. ವಾರವಿಡೀ ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಊರವರ ಕಣ್ಣಿಗೆ ಗಾಜು ಉಜ್ಜಿಕೊಡುವುದು ಅವನ ಉದ್ಯೋಗ. ಮೆಟ್ಟಿಲಲ್ಲಿ ಎದುರಾದವರೆಲ್ಲ ಅವನನ್ನು ‘ಕನ್ನಡಕದವರು’ ಎಂದೇ ಕರೆಯುತ್ತಿದ್ದರು. ಕತೆಯ ರಾಕ್ಷಸನ ಪ್ರಾಣ ಗಿಣಿಯೊಳಗೆ ಇರುವಂತೆ ಈ ರಾಜನ ಪ್ರಾಣ ಒಂದು ಎಲೆಕ್ಟ್ರಿಕ್ ಗಿಟಾರಿನೊಳಗಿತ್ತು.

ರಾಜನಿಗೊಬ್ಬಳು ರಾಣಿ. ಬೇರೆ ಕತೆಗಳ ರಾಣಿಯರು ಏಳು ಸಮುದ್ರದಾಚೆಯ ಹೂವು ಕೇಳುತ್ತಾರೆ. ಇವಳು ಕೇಳಿದ್ದು ಒಂದು ಹಾಡು. ದೋಣಿಯ ಹಾಡು ಎಂದು ಅದರ ಹೆಸರು. ಅವಳಪ್ಪ ಹಾಡುತ್ತಿದ್ದದ್ದು. ಅಪ್ಪ ಈಗಿಲ್ಲ, ಹಾಡು ಮಾತ್ರ ಅವಳ ಕಿವಿಯ ಯಾವುದೋ ಮೂಲೆಯಲ್ಲಿ ಬಾಡಿಗೆಗಿದೆ. ಮದುವೆಯಾದ ಹೊಸತರಲ್ಲಿ ರಾಜ ಮಾತು ಕೊಟ್ಟಿದ್ದ: "ಒಂದಿನ ಅದನ್ನ ಗಿಟಾರಲ್ಲಿ ಪೂರ್ತಿ ನುಡಿಸಿ ಕೇಳಿಸ್ತೀನಿ ನೋಡು."

ಆ ಒಂದು ದಿನ ಬಂದೇ ಇರಲಿಲ್ಲ. ಮೊದಲ ಬಾಡಿಗೆ ಮನೆಯಲ್ಲಿ ದೋಣಿ ದಡ ಬಿಟ್ಟು ನಡುನೀರಿಗೆ ಬರುವಷ್ಟರಲ್ಲಿ ಓನರ್ ಬಾಗಿಲು ತಟ್ಟಿದರು. ಎರಡನೆಯ ಮನೆಯಲ್ಲಿ ಓನರ್ ತಂಗಿ ತಟ್ಟಿದಳು. ಎರಡೂ ಮನೆಗಳನ್ನು ಬಿಡಬೇಕಾಯಿತು. ತಪ್ಪೆಲ್ಲ ಗಿಟಾರಿನ ಸದ್ದು ಹೆಚ್ಚಿಸುವ ದೊಡ್ಡ ಪೆಟ್ಟಿಗೆಯದು ಎಂದು ರಾಜ ತೀರ್ಮಾನಿಸಿದ. ಅದನ್ನು ಯಾರಿಗೋ ಕೊಟ್ಟು, ಮನೆಯಲ್ಲಿ ನುಡಿಸಲೆಂದೇ ಮಾಡಿದ ಪುಟ್ಟ ಟ್ಯೂಬ್ ಆಂಪ್ಲಿಫೈಯರ್ ಒಂದನ್ನು ತರಲು, ಒಂದು ರಜೆಯ ದಿನ ಬೆಳಿಗ್ಗೆ, ರಾಣಿಯ ಸಮೇತ ಅಂಗಡಿಗೆ ಹೋದ.

ಅಂಗಡಿಯವನು ಪೆಟ್ಟಿಗೆಯ ಬೆನ್ನು ತೋರಿಸಿದ. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಬುರುಡೆಗಳು ಕೆಂಪಗೆ ಹೊಳೆಯುತ್ತಿದ್ದವು.

"ಇದೇ ಟ್ಯೂಬು ಮೇಡಂ. ಇದು ಕಾದರೇನೇ ಸ್ವರ ಸಿಹಿ. ಕಷ್ಟಪಟ್ಟು ದುಡಿಸಿದಷ್ಟೂ ಚೆನ್ನಾಗಿ ಹಾಡುತ್ತೆ."

"ನಮ್ಮನೇಲಿ ಆ ತರದವರು ಯಾರೂ ಇಲ್ಲ," ಎಂದು ರಾಣಿ ಗಂಡನ ಕಡೆ ನೋಡಿದಳು. "ಎಷ್ಟು ವ್ಯಾಟು?"

"ಆ ಕಡೆಯದು ಹದಿನೈದು. ಇದು ಐದು."

"ಐದು! ನಮ್ಮ ಬಚ್ಚಲಮನೆ ಬಲ್ಬೇ ನಲವತ್ತು ಕಣ್ರೀ. ಐದು ಅಂದ್ರೆ ಇರುವೆ ಆಕಳಿಸಿದ ಹಾಗೆ. ಇದನ್ನೇ ತಗೊಳ್ಳಿ."

ಅಂಗಡಿಯವನ ಬಾಯಿ ಏನೋ ಹೇಳಲು ತೆರೆಯಿತು. ಗಿರಾಕಿ ಮನಸ್ಸು ಮಾಡಿಯಾಗಿದೆ ಎಂಬುದನ್ನು ಕಂಡು ಮತ್ತೆ ಮುಚ್ಚಿತು. "ಒಂದು ದಿನ ಮನೇಲಿಟ್ಟು ನೋಡಿ. ಇಷ್ಟ ಆಗ್ಲಿಲ್ಲ ಅಂದ್ರೆ ಸಂಜೆ ಅಂಗಡಿ ಮುಚ್ಚೋದ್ರೊಳಗೆ ವಾಪಸ್ ತನ್ನಿ," ಎಂದಷ್ಟೇ ಹೇಳಿದ.

ಮನೆಗೆ ಬಂದು ಪೆಟ್ಟಿಗೆಯನ್ನು ಕೆಳಗಿಡುವ ಮೊದಲೇ ರಾಣಿ ಶಪಥ ಮಾಡಿಸಿದಳು.

"ನೋಡಿ, ಇವತ್ತು ಹಾಡು ಮೊದಲಿಂದ ಕೊನೇವರೆಗೆ ಮುಗೀಬೇಕು. ಮಧ್ಯದಲ್ಲಿ ಒಬ್ಬರೂ ಬಾಗಿಲು ತಟ್ಟಬಾರದು. ತಟ್ಟಿದ್ರೆ ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿಂದ. ಸಂಜೆವರೆಗೂ ಆಗ್ಲಿಲ್ವಾ, ಪೆಟ್ಟಿಗೆ ಅಂಗಡಿಗೆ, ಗಿಟಾರು ಅಟ್ಟಕ್ಕೆ. ಇನ್ನೊಂದ್ಸಲ ಮನೆ ಬಿಡೋಕೆ ನನ್ನ ಕೈಲಾಗಲ್ಲ ರೀ. ಈ ಅಡುಗೆಮನೆಗೆ ಬೆಳಿಗ್ಗೆ ಬಿಸಿಲು ಬರುತ್ತೆ."

ಕೊನೆಯ ಮಾತನ್ನು ಅವಳು ಮೆಲ್ಲಗೆ ಹೇಳಿದಳು. ರಾಜನಿಗೆ ಅದೇ ಹೆಚ್ಚು ನಾಟಿತು. "ಐದು ವ್ಯಾಟಿಗೆ ಯಾರು ಬರ್ತಾರೆ ಬಿಡೆ," ಎಂದು ಸ್ವಿಚ್ಚು ಒತ್ತಿದ.

ಟ್ಯೂಬು ಕಾಯಿತು. ರಾಜ ಮೊದಲ ತಂತಿ ಮೀಟಿದ. ಇರುವೆ ಆಕಳಿಸಲಿಲ್ಲ. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ಒಂದನ್ನೊಂದು ಅಪ್ಪಿಕೊಂಡು ನಡುಗಿದವು. ಗೋಡೆಯ ಕ್ಯಾಲೆಂಡರು ಮೊಳೆ ಬಿಟ್ಟು ಕೆಳಗಿಳಿಯಿತು. ಬಲ್ಬಿನ ವ್ಯಾಟೇ ಬೇರೆ, ಹಾಡಿನ ವ್ಯಾಟೇ ಬೇರೆ ಎಂಬುದು ಆ ಮನೆಗೆ ಆಗಷ್ಟೇ ತಿಳಿಯಿತು. ಆದರೆ ಸ್ವರ? ಅದು ಬಿಸಿ ಹಾಲಿನ ಮೇಲಿನ ಕೆನೆಯಂತೆ ದಪ್ಪಗೆ, ಮೆತ್ತಗೆ ಬರುತ್ತಿತ್ತು. ದೋಣಿ ದಡ ಬಿಟ್ಟಿತು. ನಡುನೀರಿಗೆ ಬಂತು.

ಠಕ್ ಠಕ್ ಠಕ್.

ಕೆಳಗಿನ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ನಿಂತಿದ್ದರು. ಈಗಲೂ ಹಸಿರು ಬಾವುಟ ಹಿಡಿದವರ ಹಾಗೆ ಬಲಗೈ ಅರ್ಧ ಎತ್ತಿಯೇ ಮಾತಾಡುವವರು.

"ಏನಪ್ಪಾ, ನೀನು ಈಗ..."

"ಸಾರಿ ಸಾರ್, ಸಾರಿ. ಹೊಸ ಪೆಟ್ಟಿಗೆ. ಕಡಿಮೆ ಮಾಡಿಬಿಡ್ತೀನಿ," ಎಂದು ರಾಜ ಕೈಮುಗಿದು ಬಾಗಿಲು ಹಾಕಿಕೊಂಡ. ಎತ್ತಿದ ಕೈ ಬಾಗಿಲಾಚೆಯೇ ಉಳಿಯಿತು.

ಧ್ವನಿಯ ತಿರುಪು ಇಳಿಸಿದರೆ ಕೆನೆಯೂ ಇಳಿದುಹೋಗುತ್ತಿತ್ತು. ಸ್ವರ ನೀರು ಬೆರೆಸಿದ ಹಾಲಾಗುತ್ತಿತ್ತು. ಹಾಗಾಗಿ ರಾಜ ತಿರುಪನ್ನು ಇದ್ದಲ್ಲೇ ಬಿಟ್ಟು ಪೆಟ್ಟಿಗೆಗೆ ರಗ್ಗು ಹೊದಿಸಿದ, ಅದರ ಮೇಲೆ ಇನ್ನೊಂದು. ಜ್ವರ ಬಂದ ಮಗುವಿನ ಹಾಗೆ ಅದು ಮೂಲೆಯಲ್ಲಿ ಮುದುಡಿ ಕೂತಿತು. ಮತ್ತೆ ಮೊದಲಿನಿಂದ ಶುರು. ದೋಣಿ ದಡ ಬಿಡುವಷ್ಟರಲ್ಲಿ ಸುಟ್ಟ ವಾಸನೆ. ನಡುನೀರಿಗೆ ಬರುವಷ್ಟರಲ್ಲಿ ಮತ್ತೆ ಠಕ್ ಠಕ್.

ಈ ಸಲ ಮೇಲಿನ ಮನೆಯ ಲೆಕ್ಕದ ಟೀಚರ್. ಕೈಯಲ್ಲಿ ಕೆಂಪು ಪೆನ್ನು, ಕಣ್ಣಲ್ಲಿ ನಿದ್ದೆಗೆಟ್ಟ ಕಳೆ.

"ಅಲ್ಲಾ, ಆಮೇಲೆ?" ಎಂದರು ಟೀಚರ್.

ಶಾಲೆಗೆ ಹೋದವರಿಗೆಲ್ಲ ಗೊತ್ತು, ಲೆಕ್ಕದ ಟೀಚರ್ ‘ಆಮೇಲೆ’ ಎಂದರೆ ಅದರ ಹಿಂದೆ ಏನು ಬರುತ್ತದೆ ಎಂದು. ಆಮೇಲೆ ನೋಡ್ಕೋತೀನಿ. ಆಮೇಲೆ ನನ್ನನ್ನ ಕೇಳ್ಬೇಡ. ರಾಜನ ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಂಡವು.

"ಆಮೇಲೆ ಹೀಗಾಗಲ್ಲ ಟೀಚರ್. ಖಂಡಿತಾ ಆಗಲ್ಲ," ಎಂದು ಬಾಗಿಲು ಹಾಕಿದ.

ರಾಣಿ ರಗ್ಗು ಕಿತ್ತು ಬಾಲ್ಕನಿಗೆಸೆದಳು. ರಾಜ ಫೋನು ಮಾಡಿದರೆ ಅಂಗಡಿಯವನು ಕಿರುಚಿದ: "ಹೊದಿಸಿದ್ರಾ? ಟ್ಯೂಬಿಗೆ ಗಾಳಿ ಆಡ್ಬೇಕು ಸಾರ್, ಅದೇನು ಬಾಣಂತಿನಾ? ಪೆಟ್ಟಿಗೆ ಜೊತೆ ಒಂದು ಬೇರೆ ಟ್ಯೂಬು ಕೊಟ್ಟಿದ್ದೀನಲ್ಲ, ಸ್ವಲ್ಪ ಸಾಧು ಸ್ವಭಾವದ್ದು. ಆರಿದ ಮೇಲೆ ಮೊದಲನೇದನ್ನ ತೆಗೆದು ಅದನ್ನ ಹಾಕಿ. ಪೆಟ್ಟಿಗೆ ಕೆಳಗೆ ರಬ್ಬರ್ ಹಾಸಿ, ನೆಲ ಗುಡುಗಲ್ಲ."

ಆರುವವರೆಗೆ ರಾಜ ಪೆಟ್ಟಿಗೆಯ ಮುಂದೆ ಬೀಸಣಿಗೆ ಹಿಡಿದು ಕೂತ. ಬಟ್ಟೆ ಸುತ್ತಿದ ಬೆರಳುಗಳಿಂದ ಗಾಜಿನ ಬುರುಡೆಯನ್ನು ಅಲುಗಿಸದೆ ನೇರವಾಗಿ ಎಳೆದ. ಲೆನ್ಸು ಹಿಡಿದು ಪಳಗಿದ ಕೈ, ಆ ಕೆಲಸ ಚೆಂದವಾಗಿ ಆಯಿತು. ಸಾಧು ಟ್ಯೂಬು ಕೂತಿತು. ಬಚ್ಚಲಮನೆಯ ರಬ್ಬರ್ ಹಾಸು ಪೆಟ್ಟಿಗೆಯ ಕೆಳಗೆ ಬಂತು. ತಟ್ಟೆಗಳು ಸುಮ್ಮನಾದವು. ದೋಣಿ ಹೊರಟಿತು, ನಡುನೀರಿಗೆ ಬಂತು, ಮತ್ತು ಈ ಸಲ ಇಬ್ಬರೂ ಒಟ್ಟಿಗೆ ತಟ್ಟಿದರು.

ರಾಜ ಬಾಗಿಲನ್ನು ಬೆರಳಿನಷ್ಟು ತೆರೆದು ಆ ಸಂದಿಯಿಂದಲೇ, "ಇದೋ, ಅಂಗಡಿಗೇ ಹೊರಟೆ," ಎಂದ.

ಹೇಳಿದ ಮೇಲೆ ಹೋಗದೆ ವಿಧಿಯಿರಲಿಲ್ಲ. ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಮೆಟ್ಟಿಲಿಳಿಯುವಾಗ ಸ್ಟೇಷನ್ ಮಾಸ್ಟರು ಹಿಂದಿನಿಂದ ಕೂಗಿದರು: "ಏನಪ್ಪಾ, ಆ ದೋಣಿ ಏನು ಮಾಡ್ತೀಯ?"

"ಮುಳುಗಿಸಿಬಿಡ್ತೀನಿ ಸಾರ್!" ಎಂದು ರಾಜ ಬೀದಿಗೆ ಓಡಿದ.

ಅಂಗಡಿಯವನು ಒಂದು ಪುಟ್ಟ ತಗಡಿನ ಡಬ್ಬಿ ಕೊಟ್ಟ. "ಇದು ಶಬ್ದ ನುಂಗೋ ಡಬ್ಬಿ. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಹಾಕಿ. ಟ್ಯೂಬು ಪೂರಾ ದುಡಿಯುತ್ತೆ, ಸ್ವರ ಸಿಹಿಯಾಗೇ ಇರುತ್ತೆ. ಆದ್ರೆ ಹೊರಗೆ ಬರೋದು ಚೂರೇ ಚೂರು. ಮಿಕ್ಕಿದ್ದೆಲ್ಲ ಈ ಡಬ್ಬಿಯೊಳಗೆ ಬಿಸಿಯಾಗಿ ಹೋಗುತ್ತೆ."

ದಾರಿಯುದ್ದಕ್ಕೂ ರಾಜ ಆ ಡಬ್ಬಿಯ ಬಗ್ಗೆಯೇ ಯೋಚಿಸಿದ. ಒಳಗೆ ಇಡೀ ಹಾಡು, ಹೊರಗೆ ಚೂರು. ತಾನೂ ಒಂಥರಾ ಹಾಗೆಯೇ ಅಲ್ಲವೇ ಅನ್ನಿಸಿತು. ಹೆಂಡತಿಗೆ ಹೇಳಬೇಕೆಂದುಕೊಂಡ ಎಷ್ಟೋ ಮಾತುಗಳು ಹೀಗೇ ಎದೆಯೊಳಗೆ ಬಿಸಿಯಾಗಿ ಆರಿಹೋಗಿವೆ. ಆ ಯೋಚನೆಯಲ್ಲಿ ಮನೆ ದಾಟಿ ಮುಂದೆ ಹೋಗಿಬಿಟ್ಟು, ಬೀದಿಯ ಕೊನೆಯಿಂದ ವಾಪಸ್ ಬಂದ.

ಬಿಸಿಲು ಇಳಿಯುತ್ತಿತ್ತು. ಅಂಗಡಿ ಮುಚ್ಚಲು ಹೆಚ್ಚು ಹೊತ್ತಿರಲಿಲ್ಲ. ರಾಣಿ ಪೆಟ್ಟಿಗೆಯ ರಟ್ಟಿನ ಡಬ್ಬವನ್ನು ಬಾಗಿಲ ಬಳಿ ತಂದಿಟ್ಟಿದ್ದಳು. ರಾಜ ಅದನ್ನು ದಾಟಿ ಒಳಗೆ ಬಂದ. ಡಬ್ಬಿ ಜೋಡಿಸಿ ಕೂತ. ಸ್ವರ ಬಂತು: ಅದೇ ಕೆನೆ, ಅದೇ ಮೆತ್ತನೆ, ಆದರೆ ಕಿವಿಯ ಬಳಿ ಯಾರೋ ಗುಟ್ಟು ಹೇಳಿದಷ್ಟೇ. ಇದು ನಿಜವಾಗಿಯೂ ಇರುವೆಯ ಆಕಳಿಕೆ. ಗೆದ್ದೆ ಅಂದುಕೊಂಡ. ದೋಣಿ ನಡುನೀರಿಗೆ ಬಂತು.

ದಬ ದಬ ದಬ ದಬ!

ಇಷ್ಟು ಜೋರಾಗಿ ಇಡೀ ದಿನ ಯಾರೂ ಬಡಿದಿರಲಿಲ್ಲ. ಈಗ ರಾಜನಿಗೂ ರೇಗಿತು. ಬಾಗಿಲನ್ನು ಪೂರ್ತಿ ತೆರೆದ. "ಇನ್ನೆಷ್ಟು ಕಡಿಮೆ ಮಾಡ್ಬೇಕು ಹೇಳಿ! ಇದೂ ಕೇಳಿಸ್ತಾ ನಿಮಗೆ?"

"ಕೇಳಿಸ್ತಿಲ್ಲ ಅಂತಾನೇ ಬಂದಿರೋದು ಕಣಯ್ಯಾ!" ಎಂದರು ಸ್ಟೇಷನ್ ಮಾಸ್ಟರು. "ಬೆಳಿಗ್ಗೆಯಿಂದ ನೋಡ್ತಿದ್ದೀನಿ, ನಾವು ಬಂದಷ್ಟೂ ಸೌಂಡು ಇಳಿಸ್ತೀಯ. ಕೊನೆಗೆ ನಿನ್ನ ಬಾಗಿಲಿಗೆ ಕಿವಿ ಇಟ್ಟು ನಿಂತ್ಕೋಬೇಕಾಯ್ತು, ಈ ವಯಸ್ಸಲ್ಲಿ!"

"ನಾನು ‘ಆಮೇಲೆ?’ ಅಂತ ಕೇಳಿದ್ರೆ ಮುಖದ ಮೇಲೇ ಬಾಗಿಲು ಹಾಕ್ತೀರಲ್ರೀ," ಎಂದರು ಟೀಚರ್. "ಅದು ದೋಣಿಯ ಹಾಡು ಅಂತ ಮಾಸ್ಟರು ಹೇಳಿದ್ರು. ದೋಣಿ ಹೊರಡುತ್ತೆ, ನಡುನೀರಿಗೆ ಬರುತ್ತೆ. ಆಮೇಲೆ? ಆಮೇಲೇನಾಯ್ತು ಅಂತ ಹೇಳೋರೇ ಇಲ್ಲ. ಅರ್ಧ ಹಾಡು ತಲೆಯಲ್ಲಿ ಸುತ್ತಿ ಸುತ್ತಿ, ಒಂದು ಹುಡುಗಿಯ ಸರಿ ಲೆಕ್ಕಕ್ಕೆ ತಪ್ಪು ಹಾಕಿಬಿಟ್ಟೆ ಗೊತ್ತಾ?"

ರಾಜ ಗಿಟಾರನ್ನು ತಬ್ಬಿಕೊಂಡು ನಿಂತುಬಿಟ್ಟ. "ಹಾಗಾದ್ರೆ ನೀವು ಬಂದಿದ್ದು..."

"ಅದು ನಮ್ಮಮ್ಮ ನನ್ನನ್ನ ಮಲಗಿಸೋವಾಗ ಹಾಡ್ತಿದ್ದ ಹಾಡಪ್ಪಾ," ಎಂದರು ಮಾಸ್ಟರು. ಎತ್ತಿದ್ದ ಕೈ ಈಗ ಕೆಳಗಿಳಿದಿತ್ತು. "ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ನಿದ್ದೆ ಬಂದುಬಿಡೋದು. ಕೊನೆ ಕೇಳಿಯೇ ಇಲ್ಲ. ಅವಳನ್ನ ಕೇಳೋಣ ಅಂದ್ರೆ ಈಗ ಎಲ್ಲಿ?"

ಆಮೇಲೆ ಮಾಸ್ಟರು ಮೆಟ್ಟಿಲ ಮೇಲೆ ಕೂತರು. ಟೀಚರ್ ಅಲ್ಲೇ ಕಂಬಿಗೆ ಒರಗಿದರು. "ಸೌಂಡಿಗೆ ಅದೇನು ಅಡ್ಡ ಇಟ್ಟಿದ್ದೀರೋ ಕಿತ್ತು ಹಾಕಿ. ಬಾಗಿಲು ತೆಗೆದೇ ಇರಲಿ," ಎಂದು ಟೀಚರ್ ಅಪ್ಪಣೆಯಾಯಿತು.

ರಾಜ ಡಬ್ಬಿ ಕಿತ್ತ. ಟ್ಯೂಬು ಕೆಂಪಗೆ ಹೊಳೆಯಿತು. ತೆರೆದ ಬಾಗಿಲಿನಿಂದ ಹಾಡು ಮೆಟ್ಟಿಲ ಮೇಲೂ ಕೆಳಗೂ ಹರಿಯಿತು. ದೋಣಿ ದಡ ಬಿಟ್ಟಿತು. ಹುಟ್ಟು ಬಿದ್ದಿತು, ಎದ್ದಿತು. ನಡುನೀರು ಬಂತು. ಎಲ್ಲರೂ ಉಸಿರು ಹಿಡಿದರು.

ಯಾರೂ ಬಾಗಿಲು ತಟ್ಟಲಿಲ್ಲ.

ರಾಜನ ಬೆರಳು ಅಲ್ಲಿಯೇ ನಿಂತಿತು. ಒಂದು ಸ್ವರ ಮೀಟಿದ, ಅದಲ್ಲ. ಇನ್ನೊಂದು, ಅದೂ ಅಲ್ಲ. ಮೂರು ಮನೆಗಳಲ್ಲಿ, ಇಷ್ಟು ವರ್ಷಗಳಲ್ಲಿ, ಈ ಜಾಗಕ್ಕೆ ಬಂದಾಗಲೆಲ್ಲ ಯಾರಾದರೂ ಬಾಗಿಲು ತಟ್ಟುತ್ತಿದ್ದರು. ಆ ಬಡಿತವೇ ಅವನ ಬೆರಳುಗಳಿಗೆ ಹಾಡಿನ ಕೊನೆಯಾಗಿಹೋಗಿತ್ತು. ಅಡ್ಡಿಯಿಲ್ಲದಿದ್ದರೆ ಮುಂದಿನದು ತಾನಾಗಿ ಬರುತ್ತದೆ ಎಂದು ನಂಬಿದ್ದನೇ ಹೊರತು, ಮುಂದಿನದನ್ನು ಅವನು ಯಾವತ್ತೂ ಕಲಿತಿರಲೇ ಇಲ್ಲ.

"ಆಮೇಲೆ?" ಎಂದರು ಟೀಚರ್, ಈ ಸಲ ಬಹಳ ಮೆತ್ತಗೆ.

ರಾಜ ತಲೆ ತಗ್ಗಿಸಿದ. "ಆಮೇಲೆ... ನನಗೂ ಗೊತ್ತಿಲ್ಲ."

ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಬಂತು. ರಾಣಿ ಕೈ ಒರೆಸುತ್ತ ನಿಂತಿದ್ದಳು. ಯಾರನ್ನೂ ನೋಡದೆ, ಎಲ್ಲೋ ದೂರದ ರಸ್ತೆಯೊಂದನ್ನು ನೋಡುತ್ತ ಹಾಡುತ್ತಿದ್ದಳು. ನಡುನೀರಿನಲ್ಲಿ ಗಾಳಿ ತಿರುಗಿತು. ದೋಣಿಯವನು ಹಾಯಿ ಬಿಚ್ಚಿದ. ಆಚೆ ದಡದಲ್ಲಿ ಯಾರೋ ದೀಪ ಹಿಡಿದು ನಿಂತಿದ್ದರು.

"ನಿಮಗೆ ಇದು ಬರುತ್ತಾ!" ಎಂದರು ಟೀಚರ್.

"ನಮ್ಮಪ್ಪ ಶಾಲೆಯಿಂದ ಸೈಕಲ್ ಮೇಲೆ ಕೂರಿಸ್ಕೊಂಡು ಬರ್ತಾ ಹಾಡ್ತಿದ್ರು," ಎಂದಳು ರಾಣಿ. "ನಮ್ಮ ಮನೆ ದೂರ ಇತ್ತು. ಹಾಡು ಪೂರ್ತಿ ಮುಗಿಯೋವಷ್ಟು ದೂರ."

ಮತ್ತೆ ಅಲ್ಲಿಂದಲೇ ಎತ್ತಿಕೊಂಡಳು. ರಾಜ ಆತುರಾತುರವಾಗಿ ಅವಳ ಹಿಂದೆ ತಂತಿಗಳ ಮೇಲೆ ತಡವರಿಸಿದ. ಒಂದು ಸ್ವರ ಸಿಕ್ಕಿತು, ಎರಡು ತಪ್ಪಿದವು, ಮತ್ತೊಂದು ಸಿಕ್ಕಿತು. ಅಂತೂ ತನ್ನ ಪೆಟ್ಟಿಗೆಗೆ ನ್ಯಾಯ ಸಿಕ್ಕಿತೆಂದು ತುಸು ಜೋರಾಗಿಯೇ ಮೀಟಿದ.

"ಏನಪ್ಪಾ," ಸ್ಟೇಷನ್ ಮಾಸ್ಟರು ಬಲಗೈ ಎತ್ತಿದರು, "ನಿನ್ನ ಆ ಪೆಟ್ಟಿಗೆ ಸ್ವಲ್ಪ ಕಡಿಮೆ ಮಾಡ್ತೀಯಾ? ಹಾಡು ಕೇಳಿಸ್ತಿಲ್ಲ."

ಬೆಳಿಗ್ಗೆಯಿಂದ ಅವನು ಯಾವ ಮಾತಿಗೆ ಹೆದರಿ ಓಡಾಡಿದ್ದನೋ, ಆ ಮಾತು ಆ ದಿನ ಮೊದಲ ಬಾರಿಗೆ ಆಗ ಬಂತು. ರಾಜ ಎದ್ದು ಸ್ವಿಚ್ಚು ಆರಿಸಿದ. ಕೆಂಪು ಬುರುಡೆಗಳು ನಿಧಾನವಾಗಿ ಕಪ್ಪಾದವು. ಜೀವವಿಲ್ಲದ ತಂತಿಗಳನ್ನು ಟಿಕ್ ಟಿಕ್ ಎಂದು ಮೀಟುತ್ತ ಹೆಂಡತಿಯ ಪಕ್ಕ ನೆಲದ ಮೇಲೆ ಕೂತ. ಆ ಟಿಕ್ ಟಿಕ್ ಅವಳೊಬ್ಬಳಿಗೆ ಕೇಳಿಸುತ್ತಿತ್ತು. ಅವಳು ಅದಕ್ಕೆ ಸರಿಯಾಗಿ ಹಾಡು ನಿಧಾನ ಮಾಡಿದಳು, ಅವನಿಗೆ ಸ್ವರ ಸಿಗುವಷ್ಟು ನಿಧಾನ.

ದೋಣಿ ದಡ ಮುಟ್ಟಿತು.