ಆವಿನಕಲ್ಲು

ಸಿದ್ದಲಿಂಗೇಶ್ ಮೇಷ್ಟ್ರ ಫಜೀತಿಗೆಲ್ಲ ಕಾರಣ ಒಂದೇ ಒಂದು ಹಕಾರ.

ಬಳ್ಳಾರಿಯ ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ಈ ಮಹಾಶಯರಿಗೆ ತಪ್ಪು ಕಂಡರೆ ಸುಮ್ಮನಿರಲು ಬಾರದು. ಮದುವೆಗೆ ಕರೆಯಲು ಬಂದವರ ಎದುರೇ ಲಗ್ನಪತ್ರಿಕೆಯ ಕಾಗುಣಿತ ತಿದ್ದಿ ವಾಪಸು ಕೊಟ್ಟವರು. ತಮ್ಮ ಹೆಸರಿನಲ್ಲಿ ಯಾರಾದರೂ 'ದ್ದ' ಬದಲು 'ದ್ಧ' ಬರೆದರೆ ಮುಗಿಯಿತು. ರೇಷನ್ ಕಾರ್ಡಿನ ಆ ಒಂದು ಅಕ್ಷರಕ್ಕಾಗಿ ಕಚೇರಿಗೆ ಹನ್ನೊಂದು ಸಲ ಅಲೆದಿದ್ದರು. ವಿಚಾರ ಸಂಕಿರಣದಲ್ಲಿ ಅವರು ಎದ್ದು ನಿಂತರೆ ಪ್ರಬಂಧ ಓದಿದವರು ನೀರಿನ ಬಾಟಲಿ ಹುಡುಕುತ್ತಿದ್ದರು. ಈ ಖ್ಯಾತಿಯ ಬಲದಿಂದಲೇ ಕುರುಗೋಡಿನ ಸಂಕಿರಣದಲ್ಲಿ ಡಾ. ಗಂಗೋತ್ರಿ ಅವರ ಪ್ರಬಂಧಕ್ಕೆ ಪ್ರತಿಕ್ರಿಯೆ ನೀಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಪ್ರಬಂಧದ ಪ್ರತಿ ಹದಿನೈದು ದಿನ ಮೊದಲೇ ಕೈ ಸೇರಿತ್ತು.

ಗಂಗೋತ್ರಿ ಮೇಡಂ ಸ್ಥಳನಾಮಗಳ ಅಧ್ಯಯನದಲ್ಲಿ ದೊಡ್ಡ ಹೆಸರು. ಸಿರುಗುಪ್ಪ ಕಡೆಯ ಹೊಲವೊಂದರಲ್ಲಿ 'ಆವಿನಕಲ್ಲು' ಎಂಬ ಬಂಡೆಯಿದೆ. ಹಳ್ಳಿಯವರ ನಾಲಿಗೆಯಲ್ಲಿ ಹಕಾರ ನಿಲ್ಲದ ಕಾರಣ ಇದು ಮೂಲತಃ 'ಹಾವಿನಕಲ್ಲು', ಹಿಂದೆ ಇಲ್ಲಿ ನಾಗಪೂಜೆ ನಡೆಯುತ್ತಿತ್ತು ಎಂದು ಅವರು ಬರೆದಿದ್ದರು. ಓದಿದ ಸಿದ್ದಲಿಂಗೇಶರಿಗೆ ನಗು ತಡೆಯಲಾಗಲಿಲ್ಲ. ಆ ಬಂಡೆಯ ಪಕ್ಕದ ಹೊಲ ಅವರ ಅಜ್ಜಿಯದೇ. ಅಲ್ಲಿಯ ಜನ ಮಾತಿಗೊಂದು ತೆಲುಗು ಸೇರಿಸುವವರು. ತೆಲುಗಿನಲ್ಲಿ ಆವು ಎಂದರೆ ಆಕಳು, ಹಳಗನ್ನಡದಲ್ಲೂ ಆಕಳೇ. ದನಗಳು ಮೈ ತಿಕ್ಕಿ ತಿಕ್ಕಿ ಆ ಕಲ್ಲು ನುಣ್ಣಗಾದದ್ದನ್ನು ಅವರು ಸಣ್ಣವರಿದ್ದಾಗಲೇ ಕಂಡಿದ್ದರು. ನಾಲ್ಕು ಪುಟ ಖಂಡನೆ ಕೈಯಲ್ಲೇ ಬರೆದು, ಮುಖ್ಯ ಕಡೆ ಕೆಂಪು ಗೆರೆ ಎಳೆದು, ಆ ಬೆಳಿಗ್ಗೆ ಗೆದ್ದವರ ಹಾಗೆ ಮನೆಯಿಂದ ಹೊರಟರು.

ಗೇಟಿನಲ್ಲೇ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರ್ ಮರಿಬಸಪ್ಪ ಸಿಕ್ಕರು. ಓಣಿಯ ಯಾವ ಸುದ್ದಿಯೂ ಅವರ ಅಪ್ಪಣೆಯಿಲ್ಲದೆ ಮುಂದಿನ ಓಣಿಗೆ ಹೋಗುವುದಿಲ್ಲ. ನಾಲ್ಕೂ ಪುಟವನ್ನು ನಿಂತಲ್ಲೇ ಓದಿ ಕನ್ನಡಕ ತೆಗೆದರು.

"ಬರದದ್ದು ಬರೋಬರಿ ಐತ್ರಿ. ಆದ್ರ ಊರಹೆಸರಿನ ಕೋಶಕ್ಕ ಎರಡನೇ ಸಂಪಾದಕರು ಯಾರು ಅಂತ ಇವತ್ತು ಸಂಜಿಗೆ ಹೇಳೋರು ಯಾರು?"

"ಗಂಗೋತ್ರಿ ಮೇಡಂ."

"ಆಯಮ್ಮನ್ನ ಬೆಳಿಗ್ಗೆ ಬೈದು, ಸಂಜಿಗೆ ಅವರ ಮುಂದ ಹೆಂಗ ನಿಂದ್ರತೀರಿ?"

ಸಿದ್ದಲಿಂಗೇಶರು ಹಾಳೆಗಳನ್ನು ಈಸಿಕೊಂಡು ಚೀಲಕ್ಕೆ ತುರುಕಿದರು. ರಟ್ಟಿನ ಹೊದಿಕೆಯ ದಪ್ಪ ಪುಸ್ತಕವೊಂದರೊಳಗೆ ತಮ್ಮ ಹೆಸರು ಅಚ್ಚಾಗಬೇಕೆಂಬುದು ಅವರ ಹನ್ನೆರಡು ವರ್ಷಗಳ ಆಸೆ. ಕೋಶದ ಸಂಪಾದಕತ್ವಕ್ಕೆ ಅರ್ಜಿ ಹಾಕಿದ ದಿನದಿಂದ ಸರಿಯಾಗಿ ಊಟವೂ ಸೇರಿರಲಿಲ್ಲ.

ಬ್ರೂಸ್‌ಪೇಟೆಯ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿಗೆ ಕಾದು ಕುಳಿತಿದ್ದ ಸಹೋದ್ಯೋಗಿ ದುರ್ಗೇಶನೂ ಅದನ್ನೇ ಹೇಳಿದ. ದೊಡ್ಡವರ ತಪ್ಪು ಎತ್ತಿ ಆಡಿದವರು ಯಾರೂ ಉದ್ಧಾರವಾಗಿಲ್ಲ ಎಂದು ಮೂವರ ಹೆಸರನ್ನೂ ಕೊಟ್ಟ. ಆಮೇಲೆ ಆ ನಾಲ್ಕು ಹಾಳೆ ಈಸಿಕೊಂಡು, ಅಕ್ಷರ ಮುತ್ತಿನಂತಿವೆ ಎಂದು ಹೊಗಳಿ, ಬಿಸಿ ಮಿರ್ಚಿಯನ್ನು ಒಂದೊಂದು ಹಾಳೆಯಲ್ಲಿ ಒಂದೊಂದರಂತೆ ಒತ್ತಿ ಎಣ್ಣೆ ಇಳಿಸಿದ.

"ಇನ್ನ ಬೈಬೇಕಂದ್ರೂ ಬೈಯಾಕ ಕಾಗದ ಇಲ್ಲ. ಚಂದಾಗಿ ಹೊಗಳಿ ಬರ್ರಿ ಸರ್," ಎಂದು ಹಾಳೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದ.

ಸಿದ್ದಲಿಂಗೇಶರಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಿರಾಳ. ಅದಕ್ಕೆ ತಮಗೇ ನಾಚಿಕೆಯೂ ಆಯಿತು.

ಕುರುಗೋಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಹೊಗಳಿಕೆಯ ಅಭ್ಯಾಸ ಶುರು ಮಾಡಿದರು. ಮೂವತ್ತು ವರ್ಷ ತಪ್ಪನ್ನೇ ಹುಡುಕಿದ ನಾಲಿಗೆ ಅದು, ಹೇಳಿದ ಮಾತು ಕೇಳಬೇಕಲ್ಲ? 'ಅತ್ಯಂತ ಮೌಲಿಕ ಪ್ರಬಂಧ' ಎಂದ ತಕ್ಷಣ 'ಆದರೆ' ತಾನಾಗಿಯೇ ಹೊರಬೀಳುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಎದ್ದು ಹಿಂದಕ್ಕೆ ಹೋದಳು. ಊರು ಬರುವಷ್ಟರಲ್ಲಿ ಅಂತೂ 'ಆದರೆ' ಬಿದ್ದುಹೋಯಿತು.

ಸಭಾಂಗಣ ತುಂಬಿತ್ತು, ಎಲ್ಲರ ಕೈಯಲ್ಲೂ ಪ್ರಬಂಧದ ಪ್ರತಿಯಿತ್ತು, ಗಂಗೋತ್ರಿ ಮೇಡಂ ಮಾತ್ರ ಇರಲಿಲ್ಲ. ಬೆಳಿಗ್ಗೆಯೇ ಸಿರುಗುಪ್ಪ ಕಡೆ ಹೋದವರು ಇನ್ನೂ ದಾರಿಯಲ್ಲಿದ್ದಾರೆ ಎಂಬ ಸುದ್ದಿ ಬಂತು. ಎರಡು ಸುತ್ತು ಚಹಾ ಮುಗಿದು ಜನ ಚಪ್ಪಲಿ ಹುಡುಕತೊಡಗಿದಾಗ ಸಂಘಟಕ ಹೊನ್ನೂರಸ್ವಾಮಿಗೆ ಒಂದು ಉಪಾಯ ಹೊಳೆಯಿತು.

"ಸರ್, ಮೇಡಂ ಬರೋತನಕ ನೀವು ಪ್ರತಿಕ್ರಿಯೆ ಕೊಟ್ಟುಬಿಡ್ರಿ. ಹೆಂಗೂ ಎಲ್ಲಾರೂ ಓದ್ಯಾರ."

ಪ್ರಬಂಧಕ್ಕಿಂತ ಮೊದಲೇ ಪ್ರತಿಕ್ರಿಯೆ ಕೊಡುವುದು ಶಾಸ್ತ್ರವಲ್ಲ ಎಂದು ಬೇರೆ ದಿನವಾಗಿದ್ದರೆ ಸಿದ್ದಲಿಂಗೇಶರೇ ಅರ್ಧ ಗಂಟೆ ವಾದಿಸುತ್ತಿದ್ದರು. ಇವತ್ತು ಎದ್ದು ಮೈಕಿನ ಮುಂದೆ ನಿಂತರು. ಮೊದಲು ತಡವರಿಸಿದರು, ಚಪ್ಪಾಳೆ ಬಿದ್ದ ಮೇಲೆ ರುಚಿ ಹತ್ತಿತು. ಮೇಡಂ ಅವರ ಹಕಾರ ಶೋಧನೆಗೆ ಸಾಟಿಯಿಲ್ಲ ಎಂದರು. ಬಾಗಿಲಲ್ಲಿ ಸೀರೆಯ ಅಂಚಿಗೆ ಕೆಸರು ಮೆತ್ತಿಕೊಂಡು ಗಂಗೋತ್ರಿ ಮೇಡಂ ಬಂದು ನಿಂತದ್ದು ಕಂಡಿತು. ಹುರುಪು ಇಮ್ಮಡಿಯಾಯಿತು. ಯಾರೂ ಕೇಳದಿದ್ದರೂ ಸಾಕ್ಷಿ ಒದಗಿಸಿದರು: ಆ ಬಂಡೆಯ ಪಕ್ಕದ ಹೊಲ ತಮ್ಮ ಅಜ್ಜಿಯದೇ ಎಂದರು, ಪ್ರತಿ ನಾಗರ ಪಂಚಮಿಗೆ ಅಜ್ಜಿ ಆ ಕಲ್ಲಿಗೆ ಹಾಲೆರೆಯುತ್ತಿದ್ದುದನ್ನು ತಾವು ಕಣ್ಣಾರೆ ಕಂಡಿರುವುದಾಗಿ ಹೇಳಿದರು. ಕಲ್ಲಿನ ನಂದಿಯೇ ದೇವರಾಗಿರುವ ದೊಡ್ಡ ಬಸವಣ್ಣನ ಊರಿನಲ್ಲಿ ನಿಂತು ಹಾವಿನ ಪರ ಇಷ್ಟು ಗಟ್ಟಿಯಾಗಿ ಇದುವರೆಗೆ ಯಾರೂ ಮಾತಾಡಿರಲಿಲ್ಲ.

ಗಂಗೋತ್ರಿ ಮೇಡಂ ವೇದಿಕೆ ಏರಿ, ತಡವಾದುದಕ್ಕೆ ಕ್ಷಮೆ ಕೇಳಿದರು. ಪ್ರಬಂಧ ಕಳಿಸಿದ ಮೇಲೆ ತಮಗೇ ಅನುಮಾನ ಹುಟ್ಟಿ, ಬೆಳಿಗ್ಗೆ ಬಂಡೆಯ ಹತ್ತಿರ ಹೋಗಿ ಬಂದೆನೆಂದು ಹೇಳಿ, ಫೋನಿನ ವಿಡಿಯೊವನ್ನು ಪರದೆಯ ಮೇಲೆ ಹಾಕಿದರು. ನುಣ್ಣನೆಯ ಬಂಡೆಗೆ ಕೈ ಊರಿ ಹೊನ್ನೂರಮ್ಮ ಎಂಬ ಮುದುಕಿ ನಿಂತಿದ್ದಳು.

"ಹಾವು ಎಲ್ಲೀದವ್ವ? ಆವು ಅಂದ್ರ ಆಕಳು. ನಮ್ಮ ಸಿದ್ದಲಿಂಗೇಶ ಮೇಷ್ಟ್ರ ಅಜ್ಜಿಯ ಆಕಳು ದಿನಾ ಇಲ್ಲೇ ಮೈ ತಿಕ್ಕತಿತ್ತು. ಬೇಕಂದ್ರ ಅವರನ್ನ ಕೇಳು, ಅವರಿಗೆ ಎಲ್ಲಾ ಗೊತ್ತೈತಿ."

ಸಭೆ ಒಮ್ಮೆಲೇ ಸಿದ್ದಲಿಂಗೇಶರ ಕಡೆ ತಿರುಗಿತು. ಅವರ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಆ ನಾಲ್ಕು ಪುಟ ಒಂದಿದ್ದರೆ ಮಾನ ಉಳಿಯುತ್ತಿತ್ತು. ಅವು ಬ್ರೂಸ್‌ಪೇಟೆಯ ಬುಟ್ಟಿಯಲ್ಲಿ ಎಣ್ಣೆ ಕುಡಿದು ಮಲಗಿದ್ದವು.

ಸಂಜೆ ಗಂಗೋತ್ರಿ ಮೇಡಂ ಸಿದ್ದಲಿಂಗೇಶರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ನನ್ನ ತಪ್ಪು ತೋರಿಸೋರು ಕೋಶಕ್ಕ ಬೇಕಾಗಿತ್ರಿ ಸರ್. ಅದಕ್ಕಂತನ ನಿಮ್ಮನ್ನ ಕರಿಸಿದ್ದೆ." ಸಂಪಾದಕ ಸ್ಥಾನ ಬೇರೆಯವರ ಪಾಲಾಯಿತು.

ಆದರೂ ಹನ್ನೆರಡು ವರ್ಷಗಳ ಆಸೆ ಈಡೇರದೆ ಇರಲಿಲ್ಲ. ಆರು ತಿಂಗಳಿಗೆ ಕೋಶ ಬಂತು: ರಟ್ಟಿನ ಹೊದಿಕೆ, ಒಂಬೈನೂರು ಪುಟ. ಮರಿಬಸಪ್ಪ ಅದನ್ನು ಎದೆಗೆ ಒತ್ತಿಕೊಂಡು ಗೇಟಿನಲ್ಲಿ ಕಾದು ನಿಂತಿದ್ದರು. 'ಆವಿನಕಲ್ಲು' ಪುಟದ ಅಡಿಟಿಪ್ಪಣಿಗೆ ಬೆರಳಿಟ್ಟು ತೋರಿಸಿದರು: 'ಹಾವು ಎಂಬ ತಪ್ಪು ಕಲ್ಪನೆ ವಿದ್ವಾಂಸರಲ್ಲೂ ಎಷ್ಟು ಆಳವಾಗಿದೆ ಎಂಬುದಕ್ಕೆ ಕುರುಗೋಡು ಸಂಕಿರಣದಲ್ಲಿ ಸಿದ್ಧಲಿಂಗೇಶ್ ಅವರ ಪ್ರತಿಕ್ರಿಯೆ ನೋಡಿ.'

"ಇದು ನೀವ ಅಲ್ಲೇನ್ರಿ?"

ಸಿದ್ದಲಿಂಗೇಶ್ ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. ಜೇಬಿನ ಕೆಂಪು ಪೆನ್ನಿಗೆ ಕೈ ಹೋಯಿತು, ಅಲ್ಲಿಂದ ಹಾಗೆಯೇ ವಾಪಸು ಬಂತು.

"ಅಲ್ರಿ," ಎಂದರು ಗಂಭೀರವಾಗಿ. "ಇದು ಮಹಾಪ್ರಾಣದ ಸಿದ್ಧಲಿಂಗೇಶ. ಬ್ಯಾರೆ ಯಾರೋ ಇರಬೇಕು."