ವಾಲಿದ್ದು ಫೋಟೋ ಅಲ್ಲ

ಇನ್ನೊಂದು ವರ್ಷದೊಳಗೆ ತಾವು ತೆಗೆದ ಫೋಟೋವನ್ನು ಜನ ಸಾಲುಗಟ್ಟಿ ನಿಂತು ನೋಡದಿದ್ದರೆ ಹೊಸ ಕ್ಯಾಮೆರಾವನ್ನು ಅಟ್ಟಕ್ಕೆ ಹಾಕುವುದಾಗಿ ಸರ್ವೇಯರ್ ಮಹಾಶಯರು ಘೋಷಿಸಿದರು. ಘೋಷಣೆ ಕೇಳಿಸಿಕೊಂಡವರು ಒಬ್ಬರೇ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವರ ಹೆಂಡತಿ. ಟೀಚರು ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, “ಅಟ್ಟದಲ್ಲಿ ಜಾಗ ಇಲ್ಲ,” ಎಂದರು.

ಮಹಾಶಯರ ಧೈರ್ಯಕ್ಕೆ ಕಾರಣವಿತ್ತು. ಇಪ್ಪತ್ತೆಂಟು ವರ್ಷ ಪರರ ಜಮೀನು ಅಳೆದ ಕಣ್ಣು ಅದು! ಅಣ್ಣತಮ್ಮಂದಿರು ಗೇಣು ನೆಲಕ್ಕೆ ಕೈಕೈ ಮಿಲಾಯಿಸುವಾಗ ನಡುವೆ ನುಗ್ಗಿ ಗೂಟ ನೆಟ್ಟು ಬಂದವರು. ಅವರು ಎಳೆದ ಗೆರೆಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಪ್ರಶ್ನಿಸಿದವರಿಗೆ ಅವರು ಉತ್ತರ ಕೊಟ್ಟಿರಲಿಲ್ಲ, ಅದು ಬೇರೆ ಮಾತು.

ಫೋನಿನಲ್ಲಿ ‘ಹೊಸಬರ ಕ್ಯಾಮೆರಾ ಬಳಗ’ ಎಂಬ ಗುಂಪಿಗೆ ಸೇರಿದರು. ಅಲ್ಲಿ ಒಂದೇ ನಿಯಮ. ಯಾರಾದರೂ ಫೋಟೋ ಹಾಕಿದರೆ ಉಳಿದವರು ಒಂದು ಮೆಚ್ಚುಗೆ ಬರೆಯಬೇಕು, ಒಂದು ತಪ್ಪು ತೋರಿಸಬೇಕು. ಮಹಾಶಯರು ಹಾಕಿದ ಮೊದಲ ಫೋಟೋದಲ್ಲಿ ಅಡುಗೆಮನೆಯ ಕಿಟಕಿಕಟ್ಟೆ, ಅದರ ಮೇಲೆ ಗಾಜಿನ ಲೋಟದಲ್ಲಿ ನೀರು, ಹಿಂದೆ ಎಳೆಬಿಸಿಲು ಇದ್ದವು. ಶೀರ್ಷಿಕೆ ‘ಮೌನ’. ಇದಕ್ಕಾಗಿ ನಲವತ್ಮೂರು ಸಲ ಕ್ಲಿಕ್ಕಿಸಿ, ಒಂಬತ್ತು ಗಂಟೆಯವರೆಗೆ ಒಲೆ ಹಚ್ಚಲು ಬಿಟ್ಟಿರಲಿಲ್ಲ. ಟೀಚರು ಖಾಲಿ ಹೊಟ್ಟೆಯಲ್ಲಿ ಸ್ಕೂಲಿಗೆ ಹೋದರು. ಆ ದಿನ ಸಂಜೆ ಮನೆಯಲ್ಲಿ ಶೀರ್ಷಿಕೆಗೆ ತಕ್ಕ ವಾತಾವರಣವಿತ್ತು.

ಮೊದಲ ಅಭಿಪ್ರಾಯ ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರದು. “ಮೆಚ್ಚುಗೆ: ಲೋಟ ಚೊಕ್ಕಟವಾಗಿದೆ. ತಪ್ಪು: ಲೋಟ ಯಾಕಿದೆ ತಿಳಿಯಲಿಲ್ಲ.” ಮಹಾಶಯರು ಇದನ್ನು ಹೊಟ್ಟೆಗೆ ಹಾಕಿಕೊಂಡರು. ಎರಡನೆಯದು ಗುಂಪಿನಲ್ಲಿ ಎಲ್ಲರೂ ‘ಲೈಬ್ರರಿಯಮ್ಮ’ ಎಂದು ಕರೆಯುವ ಹೆಂಗಸಿನದು. “ಮೆಚ್ಚುಗೆ: ಬೆಳಕು. ತಪ್ಪು: ಕಟ್ಟೆ ಎಡಕ್ಕೆ ವಾಲಿದೆ. ಕ್ಯಾಮೆರಾ ನೆಟ್ಟಗೆ ಹಿಡಿಯಬೇಕಿತ್ತು.” ಅದಕ್ಕೆ ಮೂವತ್ತೊಂದು ಜನ ಹೆಬ್ಬೆರಳು ಎತ್ತಿದ್ದರು.

ವಾಲಿದೆಯೇ? ನನ್ನ ಗೆರೆಯೇ? ಮಹಾಶಯರ ಮೈ ಉರಿದುಹೋಯಿತು. ಫೋಟೋವನ್ನು ಇಂಚಿಂಚು ಹಿಗ್ಗಿಸಿ ನೋಡಿದರು. ನೋಡುನೋಡುತ್ತ ಮುಖ ಅರಳಿತು. ತಕ್ಷಣ ಬರೆದರು: “ಲೋಟದ ನೀರು ನೋಡಿ. ನೀರಿನ ಗೆರೆ ಫೋಟೋದ ಅಂಚಿಗೆ ಸರಿಸಮವಾಗಿದೆ. ನೀರು ಸುಳ್ಳು ಹೇಳುವುದಿಲ್ಲ. ಅಂದಮೇಲೆ ಕ್ಯಾಮೆರಾ ನೆಟ್ಟಗೇ ಇತ್ತು.”

ಲೈಬ್ರರಿಯಮ್ಮ ಐದು ನಿಮಿಷದ ಮೇಲೆ ಉತ್ತರಿಸಿದರು. “ಒಪ್ಪಿದೆ, ಕ್ಷಮಿಸಿ. ವಾಲಿರುವುದು ನಿಮ್ಮ ಮನೆ.”

“ಗೆದ್ದೆ ಕಣೇ!” ಮಹಾಶಯರು ಅಡುಗೆಮನೆಗೆ ಓಡಿದರು.

“ಏನು ಗೆದ್ರಿ?”

“ಫೋಟೋ ನೆಟ್ಟಗಿದೆಯಂತೆ. ನಮ್ಮ ಮನೇನೇ ವಾಲಿರೋದು!”

ಟೀಚರು ಸೌಟು ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದರು. ಮಹಾಶಯರು ಅಷ್ಟರಲ್ಲಿ ರಸಮಟ್ಟ ತಂದು ಕಿಟಕಿಕಟ್ಟೆ, ನೆಲ, ಹೊಸ್ತಿಲು, ಕೊನೆಗೆ ಪುಸ್ತಕದ ಕಪಾಟಿನ ಮೇಲೂ ಇಟ್ಟು ನೋಡಿದರು. ಎಲ್ಲಿಟ್ಟರೂ ಅದರೊಳಗಿನ ಗುಳ್ಳೆ ನಡುವೆ ನಿಲ್ಲದೆ ಒಂದೇ ಕಡೆ ಓಡುತ್ತಿತ್ತು. ಕೈತಪ್ಪಿದ ಬಟಾಣಿಯೆಲ್ಲ ಫ್ರಿಜ್ಜಿನ ಅಡಿಯಲ್ಲೇ ಸಿಗುವುದನ್ನು ಗಂಡಹೆಂಡಿರು ಇಪ್ಪತ್ತು ವರ್ಷದಿಂದ ಬಟಾಣಿಯ ಸ್ವಭಾವವೆಂದು ನಂಬಿದ್ದರು.

“ಈ ಮನೆ ಕಟ್ಟಿದ್ದು ಯಾರು?” ಮಹಾಶಯರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು. ಗೊತ್ತಿದ್ದೇ ಕೇಳಿದ ಪ್ರಶ್ನೆ. ಕಟ್ಟಿದ್ದು ಟೀಚರ ಸ್ವಂತ ತಮ್ಮ, ಕಟ್ಟಡದ ಮೇಸ್ತ್ರಿ.

“ನನ್ನ ತಮ್ಮನ ಕೆಲಸದಲ್ಲಿ ಇವತ್ತಿನವರೆಗೆ ಯಾರೂ ಕೊಂಕು ತೆಗೆದಿಲ್ಲ ರೀ.”

“ಇವತ್ತಿನವರೆಗೆ ಯಾರೂ ಫೋಟೋ ತೆಗೆದಿರಲಿಲ್ಲ!”

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಪ್ರಮೇಯ ಬರುತ್ತಿರಲಿಲ್ಲ. ಮಹಾಶಯರು ಗುಂಪಿನಲ್ಲಿ ಬರೆದೇಬಿಟ್ಟರು: “ಈ ಮನೆಯನ್ನು ವಾಲಿಸಿದ ತಪ್ಪಿತಸ್ಥರನ್ನು ಬರುವ ಭಾನುವಾರ ಫೋಟೋ ಸಮೇತ ನಿಮ್ಮ ಮುಂದೆ ನಿಲ್ಲಿಸುತ್ತೇನೆ.” ನೂರ ಹನ್ನೆರಡು ಜನ ಹೆಬ್ಬೆರಳು ಎತ್ತಿದರು. ಸರ್ವೇಯರ್ ಮಹಾಶಯರ ಬಾಳಿನಲ್ಲಿ ಅಷ್ಟು ಹೆಬ್ಬೆರಳು ಕಂಡದ್ದು ಅದೇ ಮೊದಲು.

“ಊರ ಮುಂದೆ ನನ್ನ ತಮ್ಮನ ಮಾನ ತೆಗೀತೀರಾ?” ಎಂದರು ಟೀಚರು.

“ಸತ್ಯಕ್ಕೆ ಭಾವ, ಭಾಮೈದ ಅಂತೆಲ್ಲ ಇಲ್ಲ.”

“ಸರಿ ಹಾಗಾದ್ರೆ. ತಪ್ಪು ಯಾರದೇ ಆಗ್ಲಿ, ಫೋಟೋ ಹಾಕ್ಲೇಬೇಕು. ಆಮೇಲೆ ಜಾರಿಕೊಳ್ಳೋ ಹಾಗಿಲ್ಲ.”

“ಜಾರಿಕೊಳ್ಳೋ ಜಾಯಮಾನವೇ ನನ್ನದಲ್ಲ!”

ಟೀಚರಿಗೆ ನಿಜಕ್ಕೂ ಸಂಕಟವಾಗಿತ್ತು. ದಿನಾ ಸಂಜೆ ತಮ್ಮನ ಜೊತೆ ಫೋನಿನಲ್ಲಿ ಹರಟುತ್ತಿದ್ದವರು ಆ ವಾರ, “ಮನೆ ಮಟ್ಟ ನೋಡ್ಬೇಕು, ಭಾನುವಾರ ಬಂದು ಹೋಗು,” ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಭಾನುವಾರ ಮೇಸ್ತ್ರಿ ಬಂದ. ಭಾವ ಹತ್ತು ನಿಮಿಷ ನಿಲ್ಲದೆ ಆಪಾದನೆ ಓದಿದರು. ಕೊರಳಲ್ಲಿ ಕ್ಯಾಮೆರಾ ಸಿದ್ಧವಾಗಿ ನೇತಾಡುತ್ತಿತ್ತು. ಮೇಸ್ತ್ರಿ ಮಟ್ಟ ನೋಡಲೆಂದು ತಂದಿದ್ದ ತೆಳ್ಳನೆಯ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿಸಿಕೊಂಡು ಹಿತ್ತಲಿಗೆ ನಡೆದ. ಹಳೇ ಕಾಂಪೌಂಡ್ ಗೋಡೆಯ ಎರಡು ತುದಿಯಲ್ಲೂ ಪಾಚಿ ಕೆರೆದ. ಆ ತುದಿಗೊಂದು ಈ ತುದಿಗೊಂದು ಕೆಂಪು ಬಾಣದ ಗುರುತು ಮೇಲೆದ್ದು ಬಂತು. ಪ್ರತಿ ಬಾಣದ ಪಕ್ಕ ‘ಪಾಯದ ಮಟ್ಟ ಇಲ್ಲಿಗೆ’ ಎಂಬ ಬರಹ, ಕೆಳಗೊಂದು ಸೊಗಸಾದ ರುಜು.

“ಭಾವ, ಈ ರುಜು ಯಾರದು?”

ಮಹಾಶಯರು ಕನ್ನಡಕ ಒರೆಸಿಕೊಂಡು ನೋಡಿದರು. ಮತ್ತೊಮ್ಮೆ ಒರೆಸಿಕೊಂಡರು. ರುಜು ಬದಲಾಗಲಿಲ್ಲ.

ಮೇಸ್ತ್ರಿ ಪೈಪಿನ ಒಂದು ತುದಿಯ ನೀರನ್ನು ಒಂದು ಬಾಣಕ್ಕೆ ಸರಿಯಾಗಿ ನಿಲ್ಲಿಸಿದ. ಇನ್ನೊಂದು ತುದಿಯಲ್ಲಿ ನೀರು, ಅದೇ ಮಟ್ಟದಲ್ಲಿರಬೇಕಿದ್ದ ಎರಡನೇ ಬಾಣಕ್ಕಿಂತ ಅರ್ಧ ಅಡಿ ಮೇಲೆ ನಿಂತಿತ್ತು.

“ಗುರುತು ನೋಡ್ಕೊಂಡು ಕಟ್ಟೋದು ನನ್ನ ಕೆಲಸ,” ಎಂದ ಮೇಸ್ತ್ರಿ. “ಗುರುತು ಹಾಕಿದ್ದು ನೀವು.”

“ನಿಂಗೆ ಆಗ್ಲೇ ಗೊತ್ತಾಗ್ಲಿಲ್ವೇನೋ?” ಟೀಚರು ಕೇಳಿದರು.

“ಪಾಯ ಮೇಲೆದ್ದಾಗಲೇ ಗೊತ್ತಾಯ್ತು ಅಕ್ಕ. ಹೇಳೋಕೆ ಹೋದೆ. ‘ಮಟ್ಟ ನೋಡೋದನ್ನ ನಂಗೇ ಹೇಳಿಕೊಡ್ತೀಯಾ?’ ಅಂದ್ರು ಭಾವ. ನಿನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸುಮ್ಮನಾಗಿಬಿಟ್ಟೆ.”

ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಪ್ಪತ್ತು ವರ್ಷ ಬಾಯಿ ಬಿಡದ ತಮ್ಮನ ಮೇಲೆ ಅವರಿಗೆ ಹೇಳತೀರದ ಅಕ್ಕರೆ ಉಕ್ಕಿತು. ಆಮೇಲೆ ಗಂಡನ ಕೊರಳಿಂದ ಕ್ಯಾಮೆರಾ ಬಿಡಿಸಿಕೊಂಡರು.

“ಆ ಬಾಣದ ಪಕ್ಕ ನಿಂತ್ಕೊಳ್ಳಿ.”

“ಲೇ, ಗುಂಪಿನಲ್ಲಿ ನೂರ ಹನ್ನೆರಡು ಜನ...”

“ಅವರೇ ಕಾಯ್ತಾ ಇರೋದು. ನಿಂತ್ಕೊಳ್ಳಿ.”

ಫೋಟೋ ಹೋಯಿತು. ಎರಡೇ ನಿಮಿಷದಲ್ಲಿ ಲೈಬ್ರರಿಯಮ್ಮನ ಅಭಿಪ್ರಾಯ ಬಂತು. “ಮೆಚ್ಚುಗೆ: ತೆಗೆದವರ ಕೈ ಪಳಗಿದೆ. ತಪ್ಪು: ನಿಂತವರು ತಲೆ ಸ್ವಲ್ಪ ಮೇಲೆತ್ತಬೇಕಿತ್ತು.”

ಟೀಚರು ಗಂಡನ ಫೋನಿನಿಂದಲೇ ಉತ್ತರ ಬರೆದರು: “ಮೂರು ಸಲ ಹೇಳಿದೆ. ಎತ್ತಲಿಲ್ಲ.”