ಪ್ಯಾರಾಕ್ಕೊಂದು ಸಾಲು

"ರಾಜ ಬಂದ. ಕಾದಾಡಿದ. ಸತ್ತ. ಮಗ ಬಂದ. ಕಾದಾಡಿದ. ಸತ್ತ."

ಸುಭಾಸ ಮಗಳ ನೋಟ್ಸ್ ವಹಿಯಿಂದ ತಲೆ ಎತ್ತಿದ. "ಸಹನಾ, ಇದು ಬನವಾಸಿ ಕದಂಬರ ಇತಿಹಾಸನೋ, ಸುಡುಗಾಡಿನ ಹಾಜರಿ ಪುಸ್ತಕನೋ?"

"ಪ್ಯಾರಾಕ್ಕ ಒಂದ ಸಾಲು, ಮುಖ್ಯ ಮಾತಷ್ಟ ಬರಿ, ಒಳಮಾತು ಇದ್ರ ಅದರ ಕೆಳಗ ಅ ಹಾಕಿ ಬರಿ ಅಂತ ನೀನ ಹೇಳಿದ್ಯಲ್ಲಪ್ಪಾ?"

ಕಾಗದದ ಕಾರ್ಖಾನೆಯ ಕೆಲಸಗಾರ ಸುಭಾಸ ಹತ್ತು ವರ್ಷದ ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿದ್ದ. ಇವತ್ತು ಅವನ ಪಾಠಕ್ಕೇ ಪರೀಕ್ಷೆ. ಹೆಂಡತಿ ವಿದ್ಯಾವತಿ ತನ್ನ ಅಣ್ಣ ಮಹಾಬಳೇಶ್ವರನನ್ನು ಕರೆಸಿದ್ದಳು. ಹಳಿಯಾಳದಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾದ ಮನುಷ್ಯ. "ಅಣ್ಣ ಹೂಂ ಅಂದ್ರ ಮನ್ಯಾಗ ಓದ್ಲಿ. ಊಹೂಂ ಅಂದ್ರ ಸೋಮವಾರದಿಂದ ಸಾಲಿ" ಎಂದು ಅಡುಗೆಮನೆಯಿಂದಲೇ ತೀರ್ಪು ಕೊಟ್ಟಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಮಾಲವ್ವ ಬಂದು ಹೊಸ್ತಿಲ ಮೇಲೆ ಕೂತು ಮಾತು ಶುರು ಮಾಡಿದಳು. ಮಾತು ಕೋಗಿಲಬನ ಊರಿನ ಮದುವೆಯಿಂದ ಹೊರಟು, ಸೊಸೆಯ ತವರಿಗೆ ಹೋಗಿ, ಮೊಣಕಾಲು ನೋವಿನ ಹತ್ತಿರ ಕೆಟ್ಟುನಿಂತ ಬಸ್ಸಿನಂತೆ ನಿಂತಿತು.

"ಇದನ್ನ ಬರಿ. ಛಲೋ ಅಭ್ಯಾಸ" ಎಂದು ಸುಭಾಸ ಪಿಸುಗುಟ್ಟಿದ.

ಸಹನಾ ಬರೆದು ಗಟ್ಟಿಯಾಗಿ ಓದಿದಳು: "ಒಂದು. ಮಾಲವ್ವ ಆಯಿಗೆ ನಮ್ಮ ಮಿಕ್ಸರ್ ಬೇಕಾಗೇತಿ. ಅದರ ಕೆಳಗ ಅ: ಹಿಂದ ಒಯ್ದ ಕುಕ್ಕರ್ ಇನ್ನೂ ಬಂದಿಲ್ಲ."

ಸುಭಾಸ ಗಡಬಡಿಸಿ ವಹಿ ಕಸಿಯಲು ಕೈ ಚಾಚಿದ. ಮಾಲವ್ವ ಮಾತ್ರ ಗಲ್ಲಕ್ಕೆ ಕೈಯಿಟ್ಟು, "ಅಯ್ಯ ನನ್ನ ಬಂಗಾರಾ! ನನ್ನ ಮನಸಿನಾಗಿಂದು ನಿನಗ ಹೆಂಗ ತಿಳೀತ?" ಎಂದವಳೇ ಓಣಿಗೆಲ್ಲ ಡಂಗುರ ಸಾರಿಬಂದಳು.

ಮೆಕ್ಯಾನಿಕ್ ಸಿಕಂದರ ವಿಮೆಯವರ ನಾಲ್ಕು ಪುಟದ ಪತ್ರ ಹಿಡಿದು ಓಡಿಬಂದ. "ಬೇಟಿ, ಮೂರು ದಿನದಿಂದ ಓದಾಕತ್ತೇನಿ, ಏನೂ ತಿಳೀವಲ್ದು."

ಸಹನಾ ಓದಿ ಒಂದೇ ಸಾಲು ಬರೆದಳು: "ಕೊಡಂಗಿಲ್ಲ."

"ವಾಹ್! ಇಷ್ಟು ಹೇಳಾಕ ನಾಲ್ಕು ಪುಟಾನ?" ದುಡ್ಡು ಹೋದರೂ ಸಿಕಂದರನ ಮುಖ ಅರಳಿತು.

ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ರೇಶನ್ ಅಂಗಡಿಯಷ್ಟು ಸರದಿ. ಕಾಶೆವ್ವ ಮಗಳ ಗಂಡನ ಮನೆಯವರ ಪತ್ರ ತಂದಿದ್ದಳು, ಓಣಿಯ ಪುಢಾರಿ ಶೇಖಪ್ಪ ತನ್ನ ಭಾಷಣ ತಂದಿದ್ದ. ಎಲ್ಲರನ್ನೂ ಸೀಳಿಕೊಂಡು ಒಳಬಂದ ಮಹಾಬಳೇಶ್ವರ ಕೊಡೆಯನ್ನೂ ಕೆಳಗಿಡದೆ ಪರೀಕ್ಷೆ ಶುರು ಮಾಡಿದ. ಇತಿಹಾಸ ಅಂದರೇನು, ತಾನು ಅದನ್ನು ಹೇಗೆ ಕಲಿಸಿದೆ, ಇಂದಿನ ಮಾಸ್ತರರಿಗೆ ಯಾಕೆ ಬರುವುದಿಲ್ಲ ಎಂದು ಮುಕ್ಕಾಲು ಗಂಟೆ.

"ಈಗ ನಾ ಹೇಳಿದ್ದನ್ನ ಬರಿ ನೋಡೂಣು!"

ಸಹನಾ ಬರೆದು ಓದಿದಳು: "ಒಂದು. ಮಾಮಾ ಭಾಳ ಶಾಣ್ಯಾ ಅದಾರ. ಅ: ಹಂಗಂತ ಸ್ವತಃ ಮಾಮಾನ ಹೇಳ್ತಾರ."

ಸುಭಾಸ ಕಣ್ಣು ಮುಚ್ಚಿದ. ಮಹಾಬಳೇಶ್ವರನ ಹೊಟ್ಟೆ ಮೊದಲು ಕುಲುಕಿತು, ಮೀಸೆ ಆಮೇಲೆ, ಕೊನೆಗೆ ಇಡೀ ಮನುಷ್ಯ ನಗುತ್ತ ಕುರ್ಚಿಯ ಮೇಲೆ ಕುಸಿದ. "ಪಾಸ್! ಈಕಿಗೆ ಸಾಲಿ ಯಾಕ ಬೇಕು? ಮನ್ಯಾಗ ಓದ್ಲಿ ಬಿಡು ವಿದ್ಯಾ!"

ಸುಭಾಸ ಒಂದೇ ಜಿಗಿತಕ್ಕೆ ಕಪಾಟಿನಿಂದ ದಪ್ಪ ಪುಸ್ತಕ ತಂದು ಮಗಳ ಮುಂದೆ ಹಿಡಿದ. "ಗೆದ್ದಿವಿ ಪುಟ್ಟಿ! ನಾಳಿಯಿಂದ ಇದು. ಬರೇ ಎಂಟುನೂರು ಪುಟ!"

ಸಹನಾ ಪುಸ್ತಕ ನೋಡಿದಳು. ಬಾಗಿಲಾಚೆಯ ಸರದಿ ನೋಡಿದಳು. ಬೆರಳಿನ ಮಸಿ ಒರೆಸಿಕೊಂಡಳು.

"ಅಪ್ಪಾ, ಸಾಲ್ಯಾಗ ಟೀಚರ್ರ ಬೋರ್ಡ್ ಮ್ಯಾಲ ಎಲ್ಲಾ ಬರದ ಕೊಡ್ತಾರಂತ. ನೋಡಿ ಬರಕೊಂಡ್ರ ಮುಗೀತು."

"ಅಲ್ಲವ್ವಾ, ಇದನ್ನ ಒಂದ್ಸಲ ತಗದರ ನೋಡು…"

"ಒಲ್ಲೆ."